ತಾತನ ಗಂಟಲು

ಬೆಳಗ್ಗೆ ಸ್ನಾನ ಮಾಡುತ್ತ ಪುಟ್ಟಮಾದು ಒಂದು ಪದ ಎತ್ತಿದ. ಪಕ್ಕದ ಮನೆಯ ಸುಂದ್ರಮ್ಮ ಬ್ಯಾಗು ಹಿಡಿದು ಬೀದಿಗೆ ಓಡಿಬಂದರು.

"ಮೈಸೂರು ಬಸ್ಸು ಒಂಟೋಯ್ತಾ?"

"ಬಸ್ಸಲ್ಲ ಕಣಕ್ಕ, ನಮ್ಮನೇವ್ರು," ಅಂದಳು ಹೆಂಡತಿ ಕುಮಾರಿ.

ಪುಟ್ಟಮಾದು ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತ. ಅವನ ತಾತನ ಹೆಸರೂ ಪುಟ್ಟಮಾದುವೇ. ಉಮ್ಮತ್ತೂರಿನಲ್ಲಿ ಮನೆಮನೆಯ ಮುಂದೆ ತಂಬೂರಿ ಪದ ಹೇಳುತ್ತಿದ್ದವನು. ಉಳಿದವರು ಸಂಜೆವರೆಗೆ ಹಾಡಿದರೂ ತುಂಬದ ಜೋಳಿಗೆ, ತಾತನಿಗೆ ಅರ್ಧ ಬೀದಿಗೇ ತುಂಬುತ್ತಿತ್ತಂತೆ. ಅಪ್ಪ ಸಾಯುವವರೆಗೂ ಇದನ್ನೇ ಹೇಳಿದ. ಮೊಮ್ಮಗನಿಗೆ ಹೆಸರು ಬಂತು, ಮೂಗು ಬಂತು, ತಂಬೂರಿಯೂ ಬಂತು. ಗಂಟಲೊಂದು ಬರಲಿಲ್ಲ.

"ರಕ್ತದಲ್ಲಿದ್ರೆ ಎಲ್ಲೋದದು? ಬಂದೇ ಬತ್ತದೆ," ಅಂದರು ಸುಂದ್ರಮ್ಮ.

"ರಕ್ತ ಏನ್ ಮಾಡದಕ್ಕ? ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಪಕ್ಕ ಬೆಳುದ್ರೆ ಬಸ್ಸಿನ ಹಾರನ್ನೇ ಬರದು!"

ಕುಮಾರಿ ಅಂದದ್ದು ತಮಾಷೆಗೆ. ಪುಟ್ಟಮಾದುವಿಗೆ ಅದು ನಾಟಿತು. ತಪ್ಪು ಗಂಟಲಿನದಲ್ಲ, ಜಾಗದ್ದು. ತಾತನ ಬೀದಿಯಲ್ಲಿ ನಿಂತು, ತಾತ ಕುಡಿದ ನೀರು ಕುಡಿದು ಹಾಡಿದರೆ? ತಂಬೂರಿ, ಜೋಳಿಗೆ ಹೆಗಲಿಗೇರಿಸಿ ಹೊರಟೇಬಿಟ್ಟ.

ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, ಹಿಂದಿನ ಸೀಟಿನಲ್ಲಿ ಮೆಲ್ಲಗೆ ಶ್ರುತಿ ಹಿಡಿದ. ಡ್ರೈವರು ಬಸ್ಸನ್ನು ಎಡಕ್ಕೆ ತೆಗೆದು, ಹಿಂದಿನ ಲಾರಿಗೆ ಮುಂದೆ ಹೋಗಲು ಕೈ ಆಡಿಸಿದ. ಹಿಂದೆ ಯಾವ ಲಾರಿಯೂ ಇರಲಿಲ್ಲ.

"ಯಾರ್ಲಾ ಅದು? ಬಾಯ್ ಮುಚ್ಕ ಕೂತ್ಕಳ್ಲಾ!" ಎಂದು ಕಂಡಕ್ಟರು ಗದರಿದ.

ಉಮ್ಮತ್ತೂರಿನಲ್ಲಿ ತಾತನ ಬಾವಿ ಮುಚ್ಚಿಹೋಗಿತ್ತು. ನಲ್ಲಿ ನೀರನ್ನೇ ಕುಡಿದ. ಮೊದಲ ಮನೆಯ ಜಗಲಿಯ ಮೇಲೆ ಹಣ್ಣುಹಣ್ಣು ಮುದುಕಿ ಚಿಕ್ಕನಿಂಗಮ್ಮ ಕೂತಿದ್ದಳು. ಪುಟ್ಟಮಾದು ಕಣ್ಣು ಮುಚ್ಚಿ, ತಂಬೂರಿ ಮೀಟಿ ಹಾಡಿದ.

ಅಜ್ಜಿಯ ಕೈಯಲ್ಲಿದ್ದ ಎಲೆಯಡಿಕೆ ಕೆಳಗೆ ಬಿತ್ತು.

"ನೀನು ಪುಟ್ಟಮಾದು ಮೊಮ್ಮಗ ಅಲ್ವಾ?"

"ಊಂ ಕಣಜ್ಜಿ! ಎಂಗೊತ್ತಾಯ್ತು?"

"ಅದೇ ಗಂಟ್ಲು ಕಣಪ್ಪ! ಒಂಚೂರೂ ಬದ್ಲಾಗಿಲ್ಲ!" ಅಜ್ಜಿಯ ಕಣ್ಣಲ್ಲಿ ನೀರಾಡಿತು.

ಇಷ್ಟು ಕಾಲ ಕಾದಿದ್ದ ಮಾತು. ಪುಟ್ಟಮಾದುವಿನ ಎದೆ ತುಂಬಿಬಂತು. ಅವನು ಎರಡನೇ ಸಾಲು ಎತ್ತುವಷ್ಟರಲ್ಲಿ, ಮಂಡಿ ಹಿಡಿದುಕೊಂಡೇ ಒಳಗೆ ಓಡಿದ ಅಜ್ಜಿ ಮೊರದ ತುಂಬ ರಾಗಿ ತಂದು ಜೋಳಿಗೆಗೆ ಸುರಿದಳು.

"ಇನ್ನೂ ಪದ್ವೇ ಮುಗ್ದಿಲ್ವಲ್ಲಜ್ಜಿ!"

"ಅದುಕ್ಕೇ ಕಣಪ್ಪ ಓಡೋದ್ದು. ನಿಮ್ ತಾತ ಪದ ಮುಗ್ಸಗಂಟ ಈ ಬೀದೀಲಿ ಯಾರೂ ಕಾಯ್ತಿರ್ನಿಲ್ಲ."

ಪುಟ್ಟಮಾದು ತಿರುಗಿ ನೋಡಿದ. ಬೀದಿಯುದ್ದಕ್ಕೂ ಬಾಗಿಲು ತೆರೆಯುತ್ತಿದ್ದವು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೊರ.

ವಾಪಸು ಬರುವ ಬಸ್ಸಿನಲ್ಲಿ ಕುಮಾರಿಯ ಫೋನು ಬಂತು. "ಏನಾಯ್ತು? ತಾತನ ಗಂಟ್ಲು ಬಂತಾ?"

ಅವನು ತುಂಬಿದ ಜೋಳಿಗೆಯನ್ನು ತೊಡೆಯ ಮೇಲೆ ತಬ್ಬಿಕೊಂಡ.

"ಬಂದದೆ ಕಣಮ್ಮಿ," ಅಂದ. "ಪೂರ್ತಿ ಬಂದದೆ."