ಅಟ್ಟದ ಮೇಲಿನ ಬಿತ್ತನೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಮೂವತ್ತೆರಡನೇ ಇಸವಿಯಲ್ಲಿ, ನಾಲ್ಕನೇ ತರಗತಿಯ ನಡುವೆ. ನಿಲ್ಲಿಸಿದೆ ಎನ್ನುವುದು ದೊಡ್ಡ ಮಾತಾಯಿತು. ಎತ್ತು ಹೊಡೆಯಲು ಮನೆಯಲ್ಲಿ ಒಬ್ಬರು ಬೇಕಾಗಿತ್ತು, ನಾನು ಕೈಗೆ ಸಿಕ್ಕಿದೆ. ಅಲ್ಲಿಂದಾಚೆಗೆ ಉಳುವುದು, ಬೇಲಿ ಕಟ್ಟುವುದು, ಹಸುವಿನ ಹೆರಿಗೆ ಮಾಡಿಸುವುದು, ಎಲ್ಲವನ್ನೂ ನೋಡಿ ನೋಡಿಯೇ ಕಲಿತೆ. ಹೀಗೆ ಕಲಿತವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರು ಯಾವ ಕೆಲಸ ಮಾಡುವುದನ್ನು ಕಂಡರೂ 'ಇದರಲ್ಲೇನಿದೆ ಮಹಾ' ಅನ್ನಿಸುತ್ತದೆ. ಡಾಕ್ಟರು ಸೂಜಿ ಚುಚ್ಚುವಾಗಲೂ ನನಗೆ ಹಾಗೇ ಅನ್ನಿಸಿದ್ದುಂಟು. ಪುಣ್ಯಕ್ಕೆ ಸೂಜಿ ಅವರ ಕೈಯಲ್ಲಿತ್ತು.

ಹಂಚು ಮಾತ್ರ ನನ್ನ ಕೈಗೇ ಬಂತು. ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಅಲ್ಲಿ ಲೆಕ್ಕ ಬರೆಯುವ ರೈಟರ ಮನೆಯ ಮೇಲಿನ ಕೆಂಪು ಹಂಚಿನ ಮಾಡನ್ನು ನೋಡಿ ಆಸೆಪಟ್ಟಿದ್ದೆ. ವರ್ಷಗಟ್ಟಲೆ ದುಡಿದು, ಹೋದ ಬೇಸಿಗೆಯಲ್ಲಿ ನಮ್ಮ ಮನೆಯ ಹುಲ್ಲು ಕಿತ್ತೆಸೆದು, ಶನಿವಾರಸಂತೆಗೆ ಲಾರಿಯಲ್ಲಿ ಬಂದ ಮಂಗಳೂರು ಹಂಚನ್ನು ಗಾಡಿಗೆ ತುಂಬಿಸಿಕೊಂಡು ಬಂದೆ. ನಮ್ಮೂರಿಗೆ ಅದೇ ಮೊದಲ ಹಂಚಿನ ಮನೆ. ಆಚಾರಿ ಬಂದು ಅಳತೆ ನೋಡಿ, ಹಂಚು ಕೂರಿಸುವ ರೀಪುಗಳನ್ನು ಎಷ್ಟೆಷ್ಟು ದೂರಕ್ಕೆ ಹೊಡೆಯಬೇಕೆಂದು ಗುರುತು ಹಾಕಿಕೊಟ್ಟ. ಅವನು ಅತ್ತ ಹೋದದ್ದೇ ನಾನು ಇತ್ತ ಗುರುತು ಗುರುತಿನ ನಡುವಿನ ದೂರವನ್ನೂ ಒಂದೊಂದು ಬೆರಳಗಲ ಹಿಗ್ಗಿಸಿದೆ. ಮಡಿಕೇರಿಯಲ್ಲಿ ಮಂತ್ರಿಗಳು ಕುಳಿತು ಇಷ್ಟಗಲದ ಕೊಡಗನ್ನೇ ಒಂದು ರಾಜ್ಯ ಮಾಡಿ ನಡೆಸುತ್ತಿರುವಾಗ, ನನ್ನ ಮನೆಯ ಮಾಡನ್ನು ನಾನು ನಡೆಸಲಾರೆನೇ? ಬೆರಳು ಬೆರಳು ಸೇರಿ ಕೊನೆಗೆ ಒಂದು ರಾಶಿ ಹಂಚು ಮಿಕ್ಕಿತು. ಅದನ್ನು ದಾರಿಗೆ ಕಾಣುವ ಹಾಗೆ ಬಾಗಿಲ ಪಕ್ಕ ಜೋಡಿಸಿಟ್ಟೆ. ಯಾರಾದರೂ ಕೇಳಲಿ ಎಂದೇ ಇಟ್ಟದ್ದು. ಕೇಳಿದವರಿಗೆಲ್ಲ ಹೇಳಿದೆ. ಕೇಳದವರಿಗೂ ಹೇಳಿದೆ.

ಬಿತ್ತನೆಯ ದಿನಗಳು ಹತ್ತಿರವಾಗುತ್ತಿರುವಾಗ ಆ ಬೇಸಿಗೆಯ ದೊಡ್ಡ ಮಳೆ ಬಂತು. ಗಾಳಿ, ಗುಡುಗು, ಆಲಿಕಲ್ಲು, ಒಂದನ್ನೂ ಬಿಡಲಿಲ್ಲ. ನಾನು ಹಜಾರದ ನಡುವೆ ಚಾಪೆ ಹಾಸಿಕೊಂಡು ಅಂಗಾತ ಮಲಗಿ ಮೇಲೆ ನೋಡಿದೆ. ಒಂದು ಹನಿ ಇಲ್ಲ. ಮರುದಿನವೂ ಮಳೆ, ಮರುದಿನವೂ ಹನಿ ಇಲ್ಲ. ಇಂಥ ಸಂತೋಷವನ್ನು ಒಬ್ಬನೇ ಇಟ್ಟುಕೊಳ್ಳುವುದು ಹೇಗೆ? ಮಳೆಗೆ ಗೊರಬು ಹೊದ್ದು ಊರೆಲ್ಲ ಸುತ್ತಿದೆ. ಹುಲ್ಲಿನ ಮನೆಗಳಲ್ಲಿ ಎಲ್ಲೆಲ್ಲಿ ಸೋರುತ್ತದೆ ಎಂದು ವಿಚಾರಿಸಿದೆ, ಮರುಗಿದೆ. ಹುಲ್ಲಿನ ಮಾಡೇ ತಂಪು ಎಂದು ಅದನ್ನು ಬಿಡದ ನಮ್ಮ ಪಟೇಲರ ಮನೆಗೂ ಹೋಗಿ, ಜಗಲಿಯ ಮೂಲೆಯಲ್ಲಿ ತೊಟ್ಟಿಕ್ಕುತ್ತಿದ್ದ ಕಡೆ ಬೆರಳು ತೋರಿಸಿ, "ಹಂಚು ಹಾಕ್ಸಿಬಿಡಿ ಪಟೇಲ್ರೇ, ಬೇಕಾದ್ರೆ ನಾನೇ ನಿಂತ್ ಮಾಡಿಸ್ಕೊಡ್ತೀನಿ" ಎಂದು ಧೈರ್ಯ ಹೇಳಿ ಬಂದೆ.

ಮಳೆ ಬಿಟ್ಟ ಬೆಳಿಗ್ಗೆ ನನ್ನ ಹೆಂಡತಿ ಹೊನ್ನಮ್ಮ ಒಣಮೆಣಸಿನಕಾಯಿಗೆಂದು ಅಡುಗೆಮನೆಯ ಅಟ್ಟ ಹತ್ತಿದಳು.

"ಒಂದ್ ಗಳಿಗೆ ಮೇಲಕ್ ಬನ್ನಿ ಇಲ್ಲಿ."

"ಏನು, ಇಲಿಯಾ?"

"ಇಲಿ ಆಗಿದ್ರೆ ನಿಮ್ಮನ್ ಯಾಕೆ ಕರೀಲಿ, ನಾನೇ ಹೊಡೀತಿದ್ದೆ. ಬನ್ನಿ."

ಹತ್ತಿದೆ. ಅಟ್ಟದ ಮೇಲೆ ನಮ್ಮ ಬಿತ್ತನೆ ಭತ್ತದ ಕುಕ್ಕೆ. ವರ್ಷದ ಗದ್ದೆಗೆ ಇದ್ದದ್ದು ಅದೊಂದೇ ಬೀಜ. ಹೊನ್ನಮ್ಮ ಕುಕ್ಕೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಮುಖದ ಮುಂದೆ ಹಿಡಿದಳು. ಪ್ರತಿ ಕಾಳಿನ ತುದಿಯಲ್ಲೂ ಬಿಳಿ ಮೊಳಕೆ. ಕತ್ತೆತ್ತಿ ನೋಡಿದರೆ ಹಂಚು ಹಂಚಿನ ಸಂದಿಯಲ್ಲೂ ಆಕಾಶ ಕಾಣುತ್ತಿತ್ತು. ಅಟ್ಟ ಹಜಾರದ ಮೇಲಕ್ಕೂ ಚಾಚಿತ್ತು, ಅಲ್ಲಿಗೆ ಹನಿ ಬೀಳದಿದ್ದ ಕಾರಣ ಆಗ ತಿಳಿಯಿತು. ಸೋರಿದ್ದನ್ನೆಲ್ಲ ಕುಕ್ಕೆ ಕುಡಿದುಕೊಂಡು ಕೂತಿತ್ತು.

"ಒಲೆ ಶಾಖ ಕೆಳಗೆ, ನೀರು ಮೇಲೆ. ನಾನೇ ನೆನೆಸಿ ಕಾವು ಕೊಟ್ಟಿದ್ರೂ ಇಷ್ಟು ಹದವಾಗಿ ಬರ್ತಿರ್ಲಿಲ್ಲ" ಎಂದಳು. ಹೊಗಳಿದಳೋ ಉಗಿದಳೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಬೇಸಾಯ ಮಾಡುವವರಿಗೆ ಇದನ್ನು ಹೇಳಬೇಕಿಲ್ಲ, ಮಾಡದವರಿಗೆ ಹೇಳುತ್ತೇನೆ. ನಾವೂ ಬೀಜವನ್ನು ನೆನೆಸಿ ಮೊಳಕೆ ಬರಿಸಿಯೇ ಸಸಿಮಡಿಗೆ ಚೆಲ್ಲುವುದು. ಆದರೆ ಮೊಳಕೆ ಬಂದ ಬೀಜ ಕಾಯುವುದಿಲ್ಲ. ಒಂದೆರಡು ದಿನದಲ್ಲಿ ಕೆಸರು ಕಾಣದಿದ್ದರೆ ಬೇರಿಗೆ ಬೇರು ಹೆಣೆದು ಕುಕ್ಕೆಯಲ್ಲೇ ಕೊಳೆತುಹೋಗುತ್ತದೆ. ಇತ್ತ ನಮ್ಮೂರಿನಲ್ಲಿ ಒಂದು ಕಟ್ಟುಪಾಡು: ಗೊತ್ತುಮಾಡಿದ ದಿನ ಪಟೇಲರ ಮನೆಯವರು ಮೊದಲ ಹಿಡಿ ಚೆಲ್ಲಿದ ಮೇಲೆಯೇ ಉಳಿದವರು ಬೀಜ ಮುಟ್ಟಬೇಕು. ಆ ದಿನ ಇನ್ನೂ ವಾರದ ಮೇಲಿತ್ತು. ಬೀಜ ಉಳಿಯಬೇಕಾದರೆ ಪಟೇಲರ ಅಪ್ಪಣೆ ಬೇಕು, ಅಪ್ಪಣೆ ಬೇಕಾದರೆ ಕಾರಣ ಹೇಳಬೇಕು.

ದಾರಿಯುದ್ದಕ್ಕೂ ಒಂದು ಒಳ್ಳೆಯ ಕಾರಣ ಕಟ್ಟುತ್ತಾ ಹೋದೆ. ಹಿಂದೆ ಹೆಜ್ಜೆ ಸದ್ದು. ಹೊನ್ನಮ್ಮ, ಸೆರಗಿನಲ್ಲಿ ಮೊಳಕೆ ಗಂಟು.

"ನೀನ್ ಯಾಕೆ ಬಂದೆ?"

"ನಿಮ್ಮೊಬ್ಬರನ್ನೇ ಕಳಿಸಿದ್ರೆ ಬೀಜದ ಮಾತು ಬಿಟ್ಟು ಹಂಚಿನ ಮಾತಾಡಿ ಬರ್ತೀರಿ."

ಪಟೇಲರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದರು. "ಬಾರಯ್ಯ ಹಂಚಿನ ಯಜಮಾನ. ನಮ್ಮನೆ ಸೋರಿದ್ದು ಸರಿಯಾಗ್ ನೋಡ್ಲಿಲ್ಲ ಅಂತ ಇನ್ನೊಂದ್ ಸಲ ಬಂದ್ಯಾ?"

"ಇಲ್ಲ ಪಟೇಲ್ರೇ. ನಾಳೆಗೇ ಬಿತ್ತನೆ ಹಾಕೋಣ ಅಂತ."

"ದಿನ ಇನ್ನೂ ದೂರ ಐತಲ್ಲ."

"ಬೀಜ ನೆಂದೈತೆ."

"ಯಾರು ನೆನೆಸಿದ್ದು?"

"ನಮ್ಮನೇವ್ಳು..." ಎಂದು ನಾನು ಶುರುಮಾಡುವುದರೊಳಗೆ ಹೊನ್ನಮ್ಮ ಸೆರಗಿನ ಗಂಟು ಬಿಚ್ಚಿ ಅವರ ಮುಂದೆ ಸುರಿದಳು. "ನಾನಲ್ಲ ದೊಡ್ಡಪ್ಪ, ಇವರ ಮಾಡು ನೆನೆಸಿದ್ದು."

ಪಟೇಲರು ನಗುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ನಗಲಿಲ್ಲ. ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಎಲೆಯಡಿಕೆ ಉಗಿದು ಎದ್ದರು. "ನಾಡಿದ್ದಿಗೆ ಇದು ಕೆಟ್ಹೋಗ್ತದೆ. ಮೊದಲ ಹಿಡಿ ನಮ್ಮನೇದು, ಅಷ್ಟೇ ತಾನೆ? ನಾಳೆ ನಾನೇ ಬಂದು ಹಾಕ್ತೀನಿ. ಕೈ ನಂದು, ಬೀಜ ನಿಂದು. ಹೋಗು, ಎತ್ತು ಕಟ್ಟು. ಇಲ್ಲಿ ನಿಂತ್ಕಂಡು ಏನ್ ನೋಡ್ತೀಯ?"

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಓಡಿದೆ. ನೊಗ ಹೊರಿಸಿದೆ. ಬೇಸಿಗೆಯೆಲ್ಲ ಮೇದು ಕೊಬ್ಬಿದ್ದ ಎತ್ತುಗಳು ಗದ್ದೆಗೆ ಇಳಿಯಲೊಲ್ಲವು, ಅವನ್ನು ರಮಿಸಿದೆ, ಬೈದೆ, ಕೊನೆಗೆ ನಾನೇ ಮುಂದೆ ನಿಂತು ಎಳೆದೆ. ನನ್ನ ಮನೆ ಹಾಳುಮಾಡಿದ ಮಳೆಯೇ ಮಡಿಗೆ ಬೇಕಾದಷ್ಟು ನೀರು ನಿಲ್ಲಿಸಿತ್ತು. ಪಡುವಣದಲ್ಲಿ ಮತ್ತೆ ಮೋಡ. ಕೂಗಲಿಲ್ಲ, ಕರೆಯಲಿಲ್ಲ, ಆದರೂ ಊರಿಗೆ ಊರೇ ಬದುವಿನ ಮೇಲೆ ಬಂತು. ಅರ್ಧ ಜನ ನೋಡಲು, ಅರ್ಧ ಜನ ನಗಲು. ಬಂದವರು ಸುಮ್ಮನೆ ನಿಲ್ಲಲಾರದೆ ಒಬ್ಬೊಬ್ಬರಾಗಿ ಕೆಸರಿಗಿಳಿದರು. ಗೊಬ್ಬರ ಹೊತ್ತರು, ಹಲಗೆ ಹೊಡೆದು ಮಡಿ ಸಮ ಮಾಡಿದರು.

"ಮಾವ, ಅಟ್ಟದಲ್ಲೇ ಸಸಿಮಡಿ ಮಾಡಿದ್ರೆ ಗದ್ದೆ ತನಕ ಬರೋದೇ ತಪ್ತಿತ್ತಲ್ಲ" ಎಂದ ಪಕ್ಕದ ಮನೆಯವನು.

"ನಾಟಿಗೆ ಏಣಿ ಹಾಕ್ಬೇಕಾಗ್ತದೆ ಕಣೋ" ಎಂದಳು ಅವನ ತಾಯಿ, ಕೆಸರಿನಿಂದ ತಲೆಯೆತ್ತದೆ.

ಮರುದಿನ ಹೊನ್ನಮ್ಮ ಕುಕ್ಕೆಯನ್ನು ಹಸುಗೂಸಿನ ಹಾಗೆ ತಂದಳು. ಪಟೇಲರು ಮೊದಲ ಹಿಡಿ ಚೆಲ್ಲಿದರು. ಕೊನೆಯ ಹಿಡಿ ನಾನು ಚೆಲ್ಲಿ ಬದು ಹತ್ತುವಾಗ ಮೊದಲ ಹನಿ ಬಿತ್ತು, ಮೆಲ್ಲಗೆ, ಬೀಜ ಕದಲದಷ್ಟು.

ಬಿತ್ತನೆ ಉಳಿಯಿತು ಎಂದು ಬೀಗುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಊರಿಗೆಲ್ಲ ಬಿತ್ತಿದ ಮಡಿ ಅದೊಂದೇ ನೋಡಿ. ಸುತ್ತಲಿನ ಹಕ್ಕಿಗಳಿಗೆಲ್ಲ ಸುದ್ದಿ ಹೋಯಿತು. ಬೆಳಗಿನಿಂದ ಸಂಜೆಯವರೆಗೆ ತಗಡು ಬಡಿದು ಬಡಿದು ನನ್ನ ಕಿವಿ ಮಂದವಾಯಿತು. ಹಸಿರು ಎದ್ದ ಮೇಲೆ ದನಗಳ ಸರದಿ. ಮಿಕ್ಕವರ ಮಡಿಯಲ್ಲಿ ಮೊಳಕೆ ಏಳುವ ಹೊತ್ತಿಗೆ ನನ್ನ ಸಸಿ ಗೇಣುದ್ದ ನಿಂತು, ಇಡೀ ಗದ್ದೆಗೆ ಸಾಲುವಷ್ಟು ಬಂತು. ನಡುವೆ ಆಚಾರಿಯನ್ನು ಕರೆಸಿ ರೀಪು ಕೀಳಿಸಿ ಹೊಡೆಸಿದೆ. ಅವನು ಮಾಡಿನ ಮೇಲೆ ಕೂತು ಸೀಟಿ ಹಾಕಿದ. ಅದಕ್ಕಿಂತ ಎರಡು ಮಾತು ಅಂದಿದ್ದರೆ ಚೆನ್ನಾಗಿತ್ತು.

ಈಗ ನನಗಿರುವುದು ಇಷ್ಟು: ಹಂಚಿನ ಮನೆ ಒಂದು, ಎತ್ತು ಒಂದು ಜೊತೆ, ಕರೆಯುವ ಹಸು ಎರಡು, ಮಕ್ಕಳು ಮೂವರು, ಹೆಂಡತಿ ಒಬ್ಬಳು, ಬರುವ ವರ್ಷಕ್ಕೆ ಬಿತ್ತನೆ ಭತ್ತ ಎರಡು ಕುಕ್ಕೆ. ಕುಕ್ಕೆ ಎರಡನ್ನೂ ಹೊನ್ನಮ್ಮ ಪಟೇಲರ ಹುಲ್ಲುಮನೆಯ ಅಟ್ಟದಲ್ಲಿ ಇಡಿಸಿದ್ದಾಳೆ.