ಉಸ್ಸಪ್ಪನ ಕೆಂಪು ದೀಪ

ಎಲ್ಲಾ ರಾದ್ಧಾಂತಕ್ಕೂ ಕಾರಣ ಸೋಪಿನ ಡಬ್ಬಿಯಷ್ಟು ಗಾತ್ರದ ಒಂದು ಬಿಳಿ ಪೆಟ್ಟಿಗೆ. ಬೆಳಿಗ್ಗೆ ಆಫೀಸಿಗೆ ಬಂದು, ಛತ್ರಿಯನ್ನು ಮೂಲೆಗಿಟ್ಟು, ಕುರ್ಚಿ ಎಳೆದುಕೊಂಡು, ಅಭ್ಯಾಸದಂತೆ "ಉಸ್ಸಪ್ಪಾ" ಎಂದು ಅವನು ಕೂತದ್ದೇ ತಡ, ಮೇಜಿನ ಮೇಲೆ ಅಂಟಿಸಿದ್ದ ಆ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು.

ಕೂರುವಾಗೊಮ್ಮೆ, ಏಳುವಾಗೊಮ್ಮೆ, ಫೋನು ಬಡಿದುಕೊಂಡಾಗೊಮ್ಮೆ ಹೀಗೆ ಉಸಿರು ಬಿಡುತ್ತಿದ್ದುದರಿಂದ ಆಫೀಸಿನಲ್ಲಿ ಅವನಿಗೆ ಉಸ್ಸಪ್ಪ ಎಂದೇ ಹೆಸರು ಬಿದ್ದಿತ್ತು. ಅದು ಫ್ಯಾನ್ ತಯಾರಿಸುವ ಕಂಪನಿಯ ಶಾಖೆ. ಉಸ್ಸಪ್ಪನದು ದೂರು ವಿಭಾಗ. ತಿರುಗದ ಫ್ಯಾನು, ತಿರುಗಿದರೂ ಗಾಳಿ ಕೊಡದ ಫ್ಯಾನು, ಗಾಳಿ ಕೊಟ್ಟರೂ ಹೆರಿಗೆ ನೋವು ಬಂದವಳ ಹಾಗೆ ನರಳುವ ಫ್ಯಾನು, ಇವುಗಳ ಮಾಲೀಕರಿಗೆಲ್ಲ ಸಮಾಧಾನದ ಉತ್ತರ ಬರೆಯುವುದು ಅವನ ಕೆಲಸ. ಅಂಥ ಕೆಲಸ ಮಾಡುವವನು ನಿಟ್ಟುಸಿರು ಬಿಡದೆ ಇನ್ನೇನು ಬಿಟ್ಟಾನು?

ಭೂಮಿ ಕಾದಷ್ಟೂ ಲಾಭ ಮಾಡಿಕೊಳ್ಳುವ ಕಂಪನಿಗೆ ಅದನ್ನು ತಣ್ಣಗಿಡಬೇಕೆಂದು ಏಕೆ ಅನ್ನಿಸಿತೋ ದೇವರೇ ಬಲ್ಲ. ಅಂತೂ ಹೆಡ್ಡಾಫೀಸಿನವರು ಒಂದು ಕ್ಲೌಡ್ ಸಾಫ್ಟ್‌ವೇರ್ ಕೊಂಡಿದ್ದರು. ಯಾವ ಶಾಖೆಯ ಯಾವ ಸೀಟಿನಿಂದ ಎಷ್ಟು ಕಾರ್ಬನ್ ಹೊರಡುತ್ತದೆಂದು ಅದು ಎಲ್ಲೋ ದೂರದ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕಿ, ದೊಡ್ಡ ಸಾಹೇಬರ ಕೋಣೆಯ ಪರದೆಯಲ್ಲಿ ಬಣ್ಣಬಣ್ಣವಾಗಿ ತೋರಿಸುತ್ತಿತ್ತು. ಅದನ್ನು ಜೋಡಿಸಬೇಕಾದ್ದು ಕರೆಂಟಿನ ಮೀಟರಿಗೆ. ಆದರೆ ಮೀಟರಿಗೆ ಜೋಡಿಸುವ ಪೆಟ್ಟಿಗೆ ದುಬಾರಿ ಎಂದು ಶಾಖೆಯ ಮ್ಯಾನೇಜರ್ ಅಗ್ಗದ ಪೆಟ್ಟಿಗೆಗಳನ್ನು ತರಿಸಿ ಒಂದೊಂದು ಮೇಜಿಗೂ ಅಂಟಿಸಿದ್ದರು. ಅವು ಅಳೆಯುತ್ತಿದ್ದುದು ಸುತ್ತಲಿನ ಗಾಳಿಯನ್ನು, ಎಂದರೆ ಮನುಷ್ಯರು ಬಿಟ್ಟ ಉಸಿರನ್ನು. ಪೆಟ್ಟಿಗೆಗಳ ದೀಪ ಒಂದು ಕ್ಷಣವೂ ಆರಬಾರದೆಂದು ಆಫೀಸಿನ ಹಿತ್ತಿಲಲ್ಲಿ ಡೀಸೆಲ್ ಜನರೇಟರ್ ದಿನವಿಡೀ ಕಪ್ಪು ಹೊಗೆ ಕಾರುತ್ತ ಗುಡುಗುತ್ತಿತ್ತು. ಅದಕ್ಕೆ ಮಾತ್ರ ಯಾರೂ ಪೆಟ್ಟಿಗೆ ಅಂಟಿಸಿರಲಿಲ್ಲ.

"ಏನ್ರೀ ಉಸ್ಸಪ್ಪ!" ಮ್ಯಾನೇಜರ್ ಓಡಿಬಂದರು. "ಇಡೀ ಆಫೀಸಲ್ಲಿ ನಿಮ್ದೊಂದೇ ಕೆಂಪು! ದೊಡ್ಡ ಸಾಹೇಬ್ರು ಅಲ್ಲಿಂದ ನೋಡ್ತಾ ಇದಾರೆ ಕಣ್ರೀ."

"ನಾನೇನೂ ಮಾಡಿಲ್ಲ ಸಾರ್. ಬಂದೆ, ಕೂತೆ, ಅಷ್ಟೇ."

ಉಳಿದವರೆಲ್ಲ ಇನ್ನೂ ಕಾಫಿ ಮೆಷಿನ್ನಿನ ಹತ್ತಿರ ನಿಂತು ಹರಟುತ್ತಿದ್ದರು. ಅವರ ಖಾಲಿ ಸೀಟುಗಳು ಹಚ್ಚಹಸಿರಾಗಿದ್ದವು.

"ಕೂತ್ರಿ, ಉಸ್ಸಪ್ಪಾ ಅಂದ್ರಿ. ನೀವು ಹಿಂಗೆ ಬುಸುಬುಸು ಅಂತ ಬಿಡ್ತಾ ಇದ್ರೆ ಭೂಮಿ ಕಾಯುತ್ತೆ, ಹಿಮ ಕರಗುತ್ತೆ, ಸಮುದ್ರ ಉಕ್ಕಿ ಊರೊಳಗೆ ಬರುತ್ತೆ. ಗೊತ್ತಾ?"

ಸಮುದ್ರ ಎಂದದ್ದೇ ಉಸ್ಸಪ್ಪನಿಗೆ ತನ್ನ ರಜೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಅವಳು ಈವರೆಗೆ ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ಸಮುದ್ರ ನೋಡಿರಲಿಲ್ಲ. ಪ್ರತಿ ಸಲವೂ ರಜೆ ಕೇಳುವುದು, ಪ್ರತಿ ಸಲವೂ ಯಾವುದೋ ಮಾದರಿಯ ಫ್ಯಾನು ಕೈಕೊಟ್ಟು ದೂರುಗಳ ರಾಶಿ ಬೀಳುವುದು, ಅವಳು ಕಟ್ಟಿದ ಪೆಟ್ಟಿಗೆ ಬಿಚ್ಚುವುದು. ಈ ಸಲ ಸಂಜೆಯ ರೈಲಿಗೆ ಟಿಕೆಟ್ಟೇ ಆಗಿಬಿಟ್ಟಿತ್ತು.

"ಸಾರ್, ನನ್ನ ರಜೆ..."

"ರಜೆ ಈಗ ನನ್ನ ಕೈಯಲ್ಲಿಲ್ಲಪ್ಪ. ಸಾಫ್ಟ್‌ವೇರೇ ಕೊಡೋದು. ಕೆಂಪು ಸೀಟಿನವರಿಗೆ ಕೊಡಲ್ಲ. ಸಂಜೆಯೊಳಗೆ ಹಸಿರು ಮಾಡ್ಕೊಳ್ಳಿ, ಆರಾಮಾಗಿ ಹೋಗ್ಬನ್ನಿ."

ಸಹೋದ್ಯೋಗಿ ಕಷ್ಟದಲ್ಲಿದ್ದಾನೆ ಎಂಬ ಸುದ್ದಿ ಕಾಫಿ ಮೆಷಿನ್ ಮುಟ್ಟಲು ಎಷ್ಟು ಹೊತ್ತು? ಮೊದಲು ಕ್ಯಾಷಿಯರ್ ಬಂದರು. ಏನೇ ಬರಲಿ, ಅದನ್ನು ಕಂತಿನಲ್ಲಿ ತೀರಿಸುವುದು ಅವರ ಸಿದ್ಧಾಂತ.

"ಒಂದೇ ಸಲ ಪೂರ್ತಿ ಬಿಡ್ತೀರಲ್ಲ, ಅದೇ ತಪ್ಪು. ಸ್ವಲ್ಪ ಸ್ವಲ್ಪ ಬಿಡಿ. ಮೂಗಿನ ಈ ಹೊಳ್ಳೇಲಿ ಅರ್ಧ, ಆ ಹೊಳ್ಳೇಲಿ ಅರ್ಧ."

ಉಸ್ಸಪ್ಪ ಹಾಗೇ ಮಾಡಿದ. ದೀಪ ಇನ್ನಷ್ಟು ಕೆಂಪಾಯಿತು.

"ಗಿಡ ಇಡ್ಬೇಕು, ಗಿಡ!" ಟೈಪಿಸ್ಟ್ ಮೇಡಂ ಕಿಟಕಿಯಲ್ಲಿದ್ದ ಕುಂಡಗಳನ್ನೆಲ್ಲ ಹೊತ್ತು ತಂದು ಮೇಜಿನ ಸುತ್ತ ಜೋಡಿಸಿದರು. ನಡುವೆ ಕೂತ ಉಸ್ಸಪ್ಪ ತೋಟದ ಬೆರ್ಚಪ್ಪನಂತೆ ಕಾಣತೊಡಗಿದ. "ಅಯ್ಯೋ, ಅದರ ಮೇಲೆ ಉಸಿರು ಬಿಡ್ಬೇಡ್ರೀ, ಬಾಡಿ ಹೋಗುತ್ತೆ!" ಎಂದು ಮೇಡಮ್ಮೇ ಗದರಿಕೊಂಡರು.

ಅಷ್ಟರಲ್ಲಿ ಸ್ಟೋರ್ ಕೀಪರ್ ಗೋದಾಮಿನ ಲೋಡರುಗಳನ್ನೆಲ್ಲ ಕರೆದುಕೊಂಡು ಬಂದರು. ಉಸಿರು ಕಟ್ಟುವುದರಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದು ಸ್ಟೋರ್ ಕೀಪರರ ನಂಬಿಕೆ. "ಹೊಟ್ಟೆ ಒಳಕ್ಕೆ ಎಳೀರಿ. ಹಾಂ, ಕಟ್ಟಿ. ಬಿಡ್ಬೇಡಿ. ನಾನು ಹೇಳೋ ತನಕ ಬಿಡ್ಬೇಡಿ." ಇಷ್ಟು ಹೇಳಿ ಅವರು ಕ್ಯಾಷಿಯರ್ ಜೊತೆ ಹೊಳ್ಳೆಯ ವಿಷಯದಲ್ಲಿ ವಾದಕ್ಕಿಳಿದರು. ಬಿಡಿ ಎಂದು ಹೇಳುವುದನ್ನು ಮರೆತೇಬಿಟ್ಟರು. ಉಸ್ಸಪ್ಪನ ಮುಖ ಮೊದಲು ದೀಪದ ಬಣ್ಣಕ್ಕೆ ಬಂತು, ಆಮೇಲೆ ಅದನ್ನೂ ಮೀರಿಸಿತು. ಕೊನೆಗೆ ತಡೆಯಲಾರದೆ ಬಿಟ್ಟ ಉಸಿರಿಗೆ ಪೆಟ್ಟಿಗೆ ಪೀಂ ಎಂದು ಕಿರುಚಿಕೊಂಡಿತು.

"ನೋಡಿದ್ರಾ, ಎಷ್ಟು ತುಂಬಿಟ್ಕೊಂಡಿದ್ರು!" ಎಂದರು ಟೈಪಿಸ್ಟ್ ಮೇಡಂ.

ಮಧ್ಯಾಹ್ನದ ಹೊತ್ತಿಗೆ ಆಫೀಸಿನಲ್ಲಿ ತನ್ನ ಸೀಟಿನಲ್ಲಿದ್ದವನು ಉಸ್ಸಪ್ಪ ಒಬ್ಬನೇ. ಉಳಿದವರೆಲ್ಲ ಅವನ ಸೀಟಿನ ಸುತ್ತ ಇದ್ದರು. ಊಟದ ಡಬ್ಬಿಗಳನ್ನೂ ಅಲ್ಲೇ ಬಿಚ್ಚಿದರು. ಉಸ್ಸಪ್ಪ ಜನರ ಕಾಲ ಸಂದಿಯಲ್ಲಿ ಬಗ್ಗಿ, ಮೇಜಿನ ಕೆಳಗಿನಿಂದ ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದ. ಆ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು.

"ಸರ್, ನಿಮ್ಮ ಸೀಟಲ್ಲಿ ಎಷ್ಟು ಜನ ಕೂತಿದೀರ?"

"ಒಬ್ನೇ ಕಣಮ್ಮ."

"ಇಲ್ಲ ಸರ್, ಇಲ್ಲಿ ನೋಡಿದ್ರೆ ಒಂದು ಬಸ್ಸಿನಷ್ಟು ಜನ ಉಸಿರಾಡ್ತಾ ಇರೋ ಹಂಗಿದೆ. ಸ್ವಲ್ಪ ದೂರ ಹೋಗೋಕೆ ಹೇಳಿ ಸರ್."

ಉಸ್ಸಪ್ಪನಿಗೆ ಥಟ್ಟನೆ ಎಲ್ಲವೂ ಅರ್ಥವಾಯಿತು. ಮೇಲೆದ್ದು ಕೈ ಮುಗಿದ. "ನಿಮ್ ದಮ್ಮಯ್ಯ, ಎಲ್ರೂ ನಿಮ್ ನಿಮ್ಮ ಸೀಟಿಗೆ ಹೋಗಿ. ನಿಮ್ಮಿಂದಾನೇ ನಂದು ಕೆಂಪಾಗಿರೋದು!"

ಎಲ್ಲರಿಗೂ ಬಹಳ ಬೇಸರವಾಯಿತು. "ಅಲ್ರೀ, ನಿಮ್ಮ ಒಳ್ಳೇದಕ್ಕೆ ಹೇಳಿದ್ರೆ ಹಿಂಗಂತೀರಲ್ಲ" ಎಂದರು ಕ್ಯಾಷಿಯರ್. ಈ ಕಾಲದಲ್ಲಿ ಯಾರಿಗೂ ಉಪಕಾರ ಮಾಡಬಾರದು ಎಂಬ ಬಗ್ಗೆ ಅಲ್ಲೇ ನಿಂತು ದೀರ್ಘವಾದ ಚರ್ಚೆ ನಡೆಯಿತು. ದೀಪ ಈಗ ಮಿಣುಕತೊಡಗಿತು.

ಅವರು ಹೋಗುವವರಲ್ಲ ಎಂದು ಖಾತ್ರಿಯಾದ ಮೇಲೆ ಉಸ್ಸಪ್ಪ ತಾನೇ ಹೋದ. ಬಾತ್‌ರೂಮಿಗೆಂದು ಎದ್ದವನು ಸೀದಾ ಗೋದಾಮು ಸೇರಿ, ಫ್ಯಾನಿನ ರಟ್ಟಿನ ಪೆಟ್ಟಿಗೆಗಳ ಹಿಂದೆ ಅಡಗಿ ಕೂತ. ಕೂರುವಾಗ ಬಾಯಿಗೆ ಬಂದ "ಉಸ್ಸಪ್ಪಾ"ವನ್ನು ಕೂಡ ನುಂಗಿಕೊಂಡ.

ಅವನ ಲೆಕ್ಕ ತಪ್ಪಲಿಲ್ಲ. ಬುದ್ಧಿ ಹೇಳಿಸಿಕೊಳ್ಳುವವನೇ ಇಲ್ಲದ ಮೇಲೆ ಹೇಳುವವರು ಎಷ್ಟು ಹೊತ್ತು ನಿಂತಾರು? ಒಬ್ಬೊಬ್ಬರಾಗಿ ತಮ್ಮ ಸೀಟಿಗೆ ಹೋಗಿ ಕೂತರು. ಸಂಜೆಯ ಹೊತ್ತಿಗೆ ಉಸ್ಸಪ್ಪನ ಜೇಬಿನಲ್ಲಿದ್ದ ಫೋನು ಟಿಣ್ ಎಂದಿತು. "ನಿಮ್ಮ ಸೀಟು ಹಸಿರಾಗಿದೆ. ನಿಮ್ಮ ರಜೆ ಮಂಜೂರಾಗಿದೆ. ಶುಭ ಪ್ರಯಾಣ."

ಉಸ್ಸಪ್ಪನ ಕಣ್ಣಲ್ಲಿ ನೀರೇ ಬಂತು. ಹೆಂಡತಿಗೆ ಫೋನ್ ಮಾಡಿದ. "ಲೇ, ಪೆಟ್ಟಿಗೆ ತಗೊಂಡು ಸೀದಾ ಆಫೀಸ್ ಹತ್ರಾನೇ ಬಂದ್ಬಿಡು. ಇಲ್ಲಿಂದಾನೇ ಸ್ಟೇಷನ್ನಿಗೆ ಹೋಗೋಣ."

"ಈ ಸಲ ನಿಜಾನಾ?"

"ನಿನ್ನಾಣೆ, ನಿಜ."

ಛತ್ರಿ ತೆಗೆದುಕೊಳ್ಳೋಣವೆಂದು ಒಳಗೆ ಬಂದರೆ ಮ್ಯಾನೇಜರ್ ಬಾಗಿಲಲ್ಲೇ ಕೈ ಹಿಡಿದುಕೊಂಡರು. ಅವರ ಮುಖದಲ್ಲಿ ರಕ್ತವಿರಲಿಲ್ಲ. "ಎಲ್ಲಿ ಹಾಳಾಗಿ ಹೋಗಿದ್ರಿ? ನೋಡ್ರೀ ಅಲ್ಲಿ!"

ಉಸ್ಸಪ್ಪ ನೋಡಿದ. ಅವನ ಮೇಜಿನ ಮೇಲೆ ಪುಟ್ಟ ಹಸಿರು ದೀಪ ನಗುತ್ತಿತ್ತು. ಕ್ಯಾಷಿಯರದು ಕೆಂಪು. ಟೈಪಿಸ್ಟ್ ಮೇಡಮ್ಮಿನದು ಕೆಂಪು. ಸ್ಟೋರ್ ಕೀಪರದು ಕೆಂಪು. ಮ್ಯಾನೇಜರ ಕೋಣೆಯದಂತೂ ಕೆಂಡ.

"ಮಧ್ಯಾಹ್ನದ ತನಕ ಎಲ್ಲಾ ಶಾಖೆಗಿಂತ ನಾವೇ ಮುಂದೆ ಇದ್ವಂತೆ! ನಿಮ್ದೊಂದು ಬಿಟ್ಟು ಎಲ್ಲಾ ಹಸಿರು! ದೊಡ್ಡ ಸಾಹೇಬ್ರು ಫೋನ್ ಮಾಡಿ ಹೊಗಳಿದ್ರು. ನೀವು ಎದ್ದು ಹೋದ್ರಿ ನೋಡಿ, ಎಲ್ಲಾರೂ ಅವರವರ ಸೀಟಲ್ಲಿ ಕೂತ್ಬಿಟ್ರು. ಈಗ ಕಡೇ ಸ್ಥಾನ!"

"ಅದಕ್ಕೆ ನಾನೇನ್ ಮಾಡ್ಲಿ ಸಾರ್?"

"ಏನೂ ಮಾಡ್ಬೇಡಿ. ಬಂದು ಕೂತ್ಕೊಳ್ಳಿ, ಅಷ್ಟೇ."

"ಖಾಲಿ ಸೀಟಿನ ಸುತ್ತಾನೇ ನಿಂತ್ರೆ ಆಗಲ್ವಾ ಸಾರ್?"

"ಅದನ್ನೂ ಮಾಡಿಸಿ ನೋಡ್ದೆ ಕಣ್ರೀ. ಖಾಲಿ ಕುರ್ಚಿಗೆ ಬುದ್ಧಿ ಹೇಳೋಕೆ ಯಾರಿಗೂ ಮನಸ್ಸೇ ಬರ್ಲಿಲ್ಲ."

"ನನ್ನ ರಜೆ ಮಂಜೂರಾಗಿದೆ ಸಾರ್! ಸಾಫ್ಟ್‌ವೇರೇ ಕೊಟ್ಟಿದೆ!" ಉಸ್ಸಪ್ಪ ಫೋನನ್ನು ಎತ್ತಿ ಹಿಡಿದ.

ಲೋಡರುಗಳು ಅವನನ್ನೇ ಎತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಕ್ಯಾಷಿಯರ್ ಹೊಳ್ಳೆಯ ವಿಷಯ ತೆಗೆದರು. ಮೇಡಂ ಕುಂಡ ಸರಿಪಡಿಸಿದರು. ಹೀಗೆ ಉಸಿರು ಬಿಟ್ಟರೆ ಸಮುದ್ರ ಉಕ್ಕಿ ಊರೊಳಗೆ ಬರುತ್ತದೆಂದು ಎಲ್ಲರೂ ಒಟ್ಟಿಗೆ ಬುದ್ಧಿ ಹೇಳತೊಡಗಿದರು. ನೋಡನೋಡುತ್ತಿದ್ದಂತೆ ಆಫೀಸಿನ ತುಂಬ ಹಸಿರು ಹರಡಿ, ಉಸ್ಸಪ್ಪನ ಮೂಗಿನಡಿಯ ದೀಪ ಕೆಂಪಾಯಿತು. ಅವನ ಕೈಯಲ್ಲಿದ್ದ ಫೋನು ಮತ್ತೆ ಟಿಣ್ ಎಂದಿತು. "ನಿಮ್ಮ ಸೀಟು ಕೆಂಪಾಗಿದೆ. ನಿಮ್ಮ ರಜೆ ರದ್ದಾಗಿದೆ. ಭೂಮಿಯನ್ನು ಉಳಿಸಿ."

"ಭೇಷ್!" ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿದರು. "ಈ ತಿಂಗಳು ಪೂರ್ತಿ ಹಿಂಗೇ ಕೂತುಬಿಡಿ, ಮೊದಲ ಸ್ಥಾನದ ಶೀಲ್ಡು ನಮ್ದೇ."

ಉಸ್ಸಪ್ಪನಿಗೆ ಅಳು ಬಂತು. ತಲೆ ಎತ್ತಿದರೆ, ಜನರ ಹೆಗಲುಗಳ ಸಂದಿಯಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಸಮುದ್ರದ ಬಿಸಿಲಿಗೆಂದು ಕೊಂಡ ಹೊಸ ಟೋಪಿ. ಯಾವಾಗ ಬಂದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದೂರದಲ್ಲಿ ರೈಲು ಕೂಗಿ ಹೊರಟಿತು.

ಅವಳು ಬೈಯಲಿಲ್ಲ. ಜನರನ್ನು ಸರಿಸಿಕೊಂಡು ಬಂದು, ಪೆಟ್ಟಿಗೆಯನ್ನು ಅವನ ಮೇಜಿನ ಪಕ್ಕಕ್ಕೆ ಇಟ್ಟು, ಅದರ ಮೇಲೆ ಕೂತು, ಟೋಪಿ ಹಾಕಿಕೊಂಡಳು.

"ಲೇ, ನಾನು ನಿಜವಾಗ್ಲೂ..." ಎಂದು ತೊದಲಿದ ಉಸ್ಸಪ್ಪ.

"ಪರ್ವಾಗಿಲ್ಲ ಬಿಡಿ" ಎಂದಳು ಅವಳು. "ನೀವು ನನ್ನನ್ನ ಸಮುದ್ರದ ಹತ್ರ ಕರ್ಕೊಂಡು ಹೋಗೋದು ಈ ಜನ್ಮದಲ್ಲಿ ಆಗೋ ಮಾತಲ್ಲ. ಇಲ್ಲೇ ಕೂತು ಚೆನ್ನಾಗಿ ಉಸಿರು ಬಿಡಿ. ಅದೇ ಮನೆ ಬಾಗಿಲಿಗೆ ಬರುತ್ತೆ."