ಹಾಜಿರಕ್ಕ ಹೇಳಿದ್ದೇ ನಂದೂ

ರಘೋತ್ತಮ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಎಂಟು ಹೆಂಗಸರೂ ಒಮ್ಮೆಲೇ ಬಾಯಿ ಮುಚ್ಚಿದರು.

ಗುಂಡಿ ಬಿಟ್ಟ. ಮಾತು ಸುರಿಯಿತು. ಒತ್ತಿದ. ನಿಂತಿತು. ಊರಿನ ಯಾವ ನಲ್ಲಿಯೂ ಇಷ್ಟು ಬಿಗಿಯಾಗಿ ನಿಲ್ಲುವುದಿಲ್ಲ.

“ಪಾಕೀಟಿನ ಖಾರದಪುಡಿ ಬಗ್ಗೆ ನಿಮಗೇನ ಅನಸ್ತದ ಹೇಳ್ರಿ, ಮರಿಯವ್ವಾರ.”

ಮರಿಯವ್ವ ಪಕ್ಕದ ಕುರ್ಚಿಯತ್ತ ನೋಡಿದಳು. “ಹಾಜಿರಕ್ಕ ಏನ ಹೇಳ್ತಾಳ, ಅದ ನಂದೂ.”

“ನಿಮ್ಮದು, ಬಿಬಿಜಾನ್?”

“ಅದ ನಂದೂ ರೀ.”

ಬ್ಯಾಡಗಿಯ ದಲಾಲಿ ಅಂಗಡಿಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಈ ಗುಂಪಿಗೆ ಹಾಜಿರಾಬಿಯೇ ಹಿರಿಯಳು. ಅಂಗಡಿಯ ಮಾಲೀಕ ಸೇಠನ ಮುಂದೆ ಎಲ್ಲರ ಪರವಾಗಿ ಆಕೆಯೊಬ್ಬಳೇ ಮಾತಾಡುವುದು ವಾಡಿಕೆ. ಪ್ಯಾಂಟು ಹಾಕಿಕೊಂಡು ಪ್ರಶ್ನೆ ಕೇಳುವವನೆಲ್ಲ ಅವರ ಕಣ್ಣಿಗೆ ಸೇಠನೇ.

ಆದರೆ ಗುಂಪುಚರ್ಚೆಯಲ್ಲಿ ಒಬ್ಬರೇ ಮಾತಾಡಿದರೆ ಅದು ಚರ್ಚೆಯಲ್ಲ ಎಂದು ಗಿರಾಕಿಗಳ ಅಭಿಪ್ರಾಯ ಕಲೆಹಾಕುವ ರಘೋತ್ತಮನ ಕಂಪನಿಯ ಕೈಪಿಡಿ ಹೇಳುತ್ತಿತ್ತು. ಹಿಂದಿನ ಸಲ ರಾಣೆಬೆನ್ನೂರಿನಲ್ಲಿ ಹೆಂಗಸರ ಬದಲು ಅವರ ಗಂಡಂದಿರೇ ಉತ್ತರಿಸಿ ಕ್ಯಾಸೆಟ್ ದಂಡವಾಗಿತ್ತು. ಇಂದು ನಾಲ್ಕು ಗಂಟೆಗೆ ಹುಬ್ಬಳ್ಳಿಯಿಂದ ಸಾಹೇಬ ಸುರೇಶ ಬರುವವರಿದ್ದರು. ಚರ್ಚೆ ಚೆನ್ನಾಗಿ ಬಂದರೆ ರಘೋತ್ತಮನ ನೌಕರಿ ಖಾಯಂ. ಇಲ್ಲದಿದ್ದರೆ ಹಾವೇರಿಯ ಮಾವನ ಟೈಪಿಂಗ್ ಕ್ಲಾಸೇ ಗತಿ.

ಅವನಿಗೊಂದು ಉಪಾಯ ಹೊಳೆಯಿತು. “ಹಾಜಿರಾಬಿ ಅವ್ವಾರ, ನೀವೊಬ್ಬರು ಚಾ ಕುಡದ ಬರ್ರಿ.”

ಹಾಜಿರಾಬಿ ಎದ್ದಳು. ಉಳಿದ ಏಳೂ ಮಂದಿ ಎದ್ದರು.

“ನೀವೆಲ್ಲಿಗ್ರಿ?”

“ಚಾಕ್ಕ.”

ಖಾಲಿ ಕುರ್ಚಿಗಳ ನಡುವೆ ಅವನು ಹೆಣ್ಣು ನೋಡಲು ಬಂದು ತಿರಸ್ಕೃತನಾದ ವರನಂತೆ ನಿಂತಿದ್ದ. ಕೊನೆಗೆ ಅವನೂ ಚಾದಂಗಡಿಗೇ ಓಡಿದ. ಅಂಗಡಿಯ ಚಾಂದಸಾಬ ಎಲ್ಲವನ್ನೂ ಆಗಲೇ ಕೇಳಿ ತಿಳಿದುಕೊಂಡಿದ್ದ.

“ಕುರ್ಚಿ ಮ್ಯಾಲೆ ಕುಂಡ್ರಿಸಿ ಕೇಳಿದ್ರ ಕೋರ್ಟಿನ್ಯಾಗ ನಿಂತಂಗ ಆಗತೈತ್ರಿ ಸಾಹೇಬ್ರ. ಕೈಗೆ ಕೆಲಸಾ ಕೊಡ್ರಿ. ಬಾಯಿ ತಾನ ತೆರೀತೈತಿ.”

ಕುರ್ಚಿಗಳು ಹೊರಬಿದ್ದವು. ನೆಲದ ಮೇಲೆ ಒಂದು ಚೀಲ ಒಣಮೆಣಸಿನಕಾಯಿ ಸುರಿದರು. ರಘೋತ್ತಮ ಸದ್ದಿಲ್ಲದೆ ಗುಂಡಿ ಒತ್ತಿದ. ಎಂಟು ಜೋಡಿ ಕೈ ತೊಟ್ಟು ಮುರಿಯತೊಡಗಿದ್ದೇ ತಡ, ಯಾರಿಗೂ ಟೇಪಿನ ನೆನಪೇ ಉಳಿಯಲಿಲ್ಲ.

“ಪಾಕೀಟಿನ ಖಾರಾ ಬರೇ ಬಣ್ಣಾ, ಬಿಡವಾ. ನಾಲಗಿಗೆ ಗೊತ್ತ ಆಗೂದಿಲ್ಲ.”

“ನನ್ನ ಸೊಸಿ ಕದ್ದು ತಂದು ಡಬ್ಬಿಗೆ ಸುರೂತಾಳ,” ಎಂದಳು ಬಿಬಿಜಾನ್. “ನನಗ ಗೊತ್ತಿಲ್ಲಂತ ತಿಳಕೊಂಡಾಳ.”

“ಗೊತ್ತಿದ್ದೂ ಯಾಕ ಸುಮ್ಮನದೀ?” ಹಾಜಿರಾಬಿ ಕೇಳಿದಳು.

“ಕುಟ್ಟಾಕ ನನ್ನ ರಟ್ಟಿಗೆ ಬಲಾ ಎಲ್ಲೈತಿ?”

“ಮರಿಯವ್ವಾ, ನೀ ಯಾಕ ನಗ್ತೀ?” ಹಾಜಿರಾಬಿ ಆ ಕಡೆ ತಿರುಗಿದಳು. “ನಿನ್ನ ಮನಿ ಡಬ್ಬೀದೂ ಹೇಳ. ತಮ್ಮಾ, ನೀ ಸುಮ್ಮನ ಕುಂದರಬ್ಯಾಡ, ಕಾಯಿ ಮುರಿ.”

ರಘೋತ್ತಮ ಮುರಿದ. ಘಾಟಿಗೆ ಸೀನಿದ. ಕಣ್ಣೊರೆಸಿಕೊಂಡ, ಅದೇ ಕೈಯಿಂದ. ಆಮೇಲೆ ಬೊಬ್ಬೆ ಹಾಕಿದ. ಕಣ್ಣೀರು ಧಾರಾಕಾರ ಹರಿಯುತ್ತಿದ್ದರೂ ಅವನಿಗೆ ಒಳಗೊಳಗೇ ಖುಷಿ. ಇಂಥ ಚರ್ಚೆ ಕೈಪಿಡಿ ಬರೆದವನೂ ಕೇಳಿರಲಿಕ್ಕಿಲ್ಲ.

ಸುರೇಶ ಬಾಗಿಲಲ್ಲಿ ನಿಂತು ಅರ್ಧ ತಾಸು ಕೇಳಿದರು.

“ಭಾಳ ಛಲೋ ಆಗೇದ. ಯಾರು ನಡಸಿದ್ದು ಇದನ್ನ?”

‘ನಾನು’ ಎನ್ನಲು ರಘೋತ್ತಮ ಬಾಯಿ ತೆರೆದ. ಸೀನು ಬಂತು. ಅಷ್ಟರಲ್ಲಿ ಏಳು ಕೆಂಪು ಕೈಗಳು ಹಾಜಿರಾಬಿಯನ್ನು ತೋರಿಸಿದವು.

“ಅವ್ವಾರ, ನಮ್ಮ ಕಂಪನಿಗೆ ಬರ್ರಿ,” ಎಂದರು ಸುರೇಶ. “ಖಾಯಂ ನೌಕರಿ. ಊರೂರಿಗೆ ಜೀಪಿನ್ಯಾಗ ಹೋಗೂದು, ಮಂದೀನ ಮಾತಾಡ್ಸೂದು.”

ರಘೋತ್ತಮ ಸೀನುವುದನ್ನೂ ಮರೆತ. ಹಾಜಿರಾಬಿ ಅವನತ್ತ ಗದ್ದ ಎತ್ತಿ ತೋರಿಸಿದಳು. “ಈ ತಮ್ಮ?”

“ನೀವು ಬಂದ್ರ ಇವನ್ನೂ ಖಾಯಂ ಮಾಡ್ತೀನಿ. ನಿಮ್ಮ ಕೈಕೆಳಗ ಟೇಪ್ ಹಿಡಕೊಂಡ ಬರ್ತಾನ. ಇವ ಒಬ್ಬನ ಅಂದ್ರ ನಮಗ ಬ್ಯಾಡ.”

ಕೈಕೆಳಗಾದರೇನು, ಖಾಯಂ ಖಾಯಮ್ಮೇ! ರಘೋತ್ತಮನ ಉರಿಯುವ ಕಣ್ಣುಗಳು ಬೆಳಗಿದವು. “ಹೂಂ ಅನ್ರಿ ಅವ್ವಾರ! ನಿಮ್ಮ ಚೀಲಾನೂ ನಾನ ಹೊರತೀನಿ.”

ಹಾಜಿರಾಬಿ ಯೋಚಿಸಿದಳು. ಜೀಪು ಆಕೆಗೆ ಹಿಡಿಸಿದಂತಿತ್ತು. “ಮಂದಿ ತಪ್ಪ ಹೇಳಿದ್ರ ನಾ ತಿದ್ದಬಹುದಿಲ್ಲ?”

“ಛೇ, ತಿದ್ದಬಾರದು. ಬರೇ ಕೇಳಬೇಕು. ನಿಮ್ಮ ಅಭಿಪ್ರಾಯ ಹೇಳೂ ಹಂಗಿಲ್ಲ.”

“ಒಂದ ಮಾತೂ?”

“ಒಂದೂ ಇಲ್ಲ.”

ಹಾಜಿರಾಬಿ ಮೆಣಸಿನಕಾಯಿಯ ರಾಶಿಯನ್ನು ತನ್ನತ್ತ ಎಳೆದುಕೊಂಡಳು.

“ಒಲ್ಲೆ.”